ತಂತಿಗೆ ಹೊದಿಸಿದ ಹತ್ತಿ

“ಅಜ್ಜನವರೇ, ತಪ್ಪಿಲ್ಲದೆ ನುಡಿಸಲು ಬರುವವರೆಗೆ ನಾನು ಯಾರ ಕಿವಿಗೂ ಬೀಳದಂತೆ ಕಲಿಯಬಹುದೇ?”

ಹೀಗೆ ಕೇಳಿದವನು ಅಡಿವೆಪ್ಪ. ಐವತ್ತು ದಾಟಿದವನು. ಭೂಮಾಪನ ಇಲಾಖೆಯ ನೌಕರಿ ಬಿಟ್ಟು ಮಠಕ್ಕೆ ಬಂದು, ಸಂಜೆಯ ಭಜನೆಗೆ ಹಾರ್ಮೋನಿಯಂ ನುಡಿಸುವುದನ್ನು ಕಲಿಯುತ್ತಿದ್ದ. ಮಠದ ಗುರುಗಳನ್ನು ಆ ಸೀಮೆಯವರೆಲ್ಲ ಅಜ್ಜನವರೆಂದೇ ಕರೆಯುತ್ತಿದ್ದರು. ಅವನೂ ಹಾಗೆಯೇ ಕರೆದ.

ಹಿಂದಿನ ಸಂಜೆ ಭಜನೆಯಲ್ಲಿ ಅವನ ಬೆರಳು ತಡವರಿಸಿತ್ತು. ಹಾಡು ಮುಂದೆ ಹೋಗಿತ್ತು, ಹಾರ್ಮೋನಿಯಂ ಹಿಂದೆ ಉಳಿದಿತ್ತು. ತಾಳ ಹಾಕುತ್ತಿದ್ದ ಬಡಿಗೇರ ಕಾಳಪ್ಪ, “ಸ್ವಲ್ಪ ನಿಲ್ಲಿರಪ್ಪ, ಅಡಿವೆಪ್ಪನವರು ಇನ್ನೂ ಜಮೀನು ಅಳೆಯುತ್ತಿದ್ದಾರೆ. ಸರಪಳಿ ಎಳೆದುಕೊಂಡು ಬರಲಿ” ಎಂದಿದ್ದ. ಕುಳಿತವರೆಲ್ಲ ನಕ್ಕಿದ್ದರು. ಅಡಿವೆಪ್ಪನೂ ನಕ್ಕಿದ್ದ. ಆದರೆ ಊಟಕ್ಕೆ ಏಳಲಿಲ್ಲ.

“ಉಗ್ರಾಣದ ಹಿಂದೆ ಒಂದು ಕೋಣೆ ಇದೆಯಲ್ಲ, ಅದರ ಕೀಲಿಕೈ ಕೊಡಿಸಿ” ಎಂದ. “ಅದರ ಗೋಡೆ ದಪ್ಪ. ಒಳಗೆ ಏನು ನುಡಿಸಿದರೂ ಹೊರಗೆ ಬರುವುದಿಲ್ಲ.”

“ಯಾರಿಗೂ ಕೇಳಬಾರದೇ?”

“ಯಾರಿಗೂ. ನನ್ನ ಅಕ್ಕನಿಗೂ ಅದನ್ನೇ ಹೇಳಿ ಕಳಿಸಿದ್ದೇನೆ. ತಾಯಿ ಇಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ‘ತಮ್ಮ ನುಡಿಸುತ್ತಾನಂತೆ, ಬಂದು ಕೇಳುತ್ತೇನೆ’ ಎಂದು ಹೋಗಿಬರುವವರ ಕೈಯಲ್ಲೆಲ್ಲ ಹೇಳಿ ಕಳಿಸುತ್ತಿದ್ದಾಳೆ. ಪೂರ್ತಿ ಕಲಿತ ಮೇಲೆ ನಾನೇ ಬಂಡಿ ಕಳಿಸುತ್ತೇನೆ, ಅಲ್ಲಿಯವರೆಗೆ ಬರಬೇಡ ಎಂದಿದ್ದೇನೆ.”

ಅಜ್ಜನವರು ಗೂಟದಲ್ಲಿ ತೂಗುತ್ತಿದ್ದ ಕೀಲಿಕೈಯನ್ನು ತೆಗೆದು ಇಬ್ಬರ ನಡುವೆ ನೆಲದ ಮೇಲೆ ಇಟ್ಟರು. ಅಡಿವೆಪ್ಪ ಕೈ ಚಾಚಿದ.

“ತೆಗೆದುಕೊಳ್ಳುವೆಯಂತೆ” ಎಂದರು ಅಜ್ಜನವರು. “ಮೊದಲು ಇದನ್ನು ಕೇಳು.”

ಒಂದು ಪೇಟೆಯಲ್ಲಿ ಒಬ್ಬ ಹತ್ತಿ ವ್ಯಾಪಾರಿ ಇದ್ದ. ಅವನ ಕೈ ಆ ಸೀಮೆಯಲ್ಲೆಲ್ಲ ಹೆಸರಾಗಿತ್ತು. ಹತ್ತಿ ತುಂಬಿ ಬಾಯಿ ಹೊಲಿದ ಅಂಡಿಗೆಗಳು ಬಂಡಿಯಲ್ಲಿ ಬಂದು ನಿಲ್ಲುತ್ತಿದ್ದವು. ಅವನು ಹೊಲಿಗೆಯ ಸಂದಿನಲ್ಲಿ ಕೈ ತೂರಿಸಿ ಒಂದು ಹಿಡಿ ಹತ್ತಿಯನ್ನು ಮುಷ್ಟಿಯಲ್ಲಿ ಅದುಮಿ ಬಿಡುತ್ತಿದ್ದ. ಅಷ್ಟರಲ್ಲೇ ಆ ಹತ್ತಿ ಎಷ್ಟು ನೀರು ಕುಡಿದಿದೆ ಎಂದು ಹೇಳುತ್ತಿದ್ದ. ತೂಕ ಹೆಚ್ಚಲೆಂದು ನೀರು ಚಿಮುಕಿಸಿ ತಂದವರು ಅವನ ಮುಷ್ಟಿಯನ್ನು ಕಂಡೊಡನೆ ಬಂಡಿ ತಿರುಗಿಸುತ್ತಿದ್ದರು. ಇಡೀ ಪೇಟೆಯಲ್ಲಿ ಅವನನ್ನು ನೋಡಿ ನಕ್ಕವರು ಒಬ್ಬರೂ ಇರಲಿಲ್ಲ.

ಅವನ ಹೆಂಡತಿ ಹೆಚ್ಚು ಮಾತಿನವಳಲ್ಲ. ಮದುವೆಯಾದಂದಿನಿಂದ ತನಗೆಂದು ಏನನ್ನೂ ಬೇಡಿದವಳಲ್ಲ. ಇಬ್ಬರಿಗೂ ತಲೆ ನರೆತ ಮೇಲೆ, ಒಂದು ದಿನ ಗಂಡನಿಗೆ ಊಟ ಬಡಿಸುತ್ತ ಹೇಳಿದಳು:

“ನಾನು ಚಿಕ್ಕವಳಿದ್ದಾಗ ನಮ್ಮ ಹಿತ್ತಿಲ ಗೋಡೆಯ ಆಚೆ ಮಿಶನ್ ಶಾಲೆ ಇತ್ತು. ಅಲ್ಲಿ ಒಂದು ಪಿಯಾನೊ ಇತ್ತು. ಅದನ್ನು ಕಣ್ಣಿನಿಂದ ನೋಡಿದವಳಲ್ಲ ನಾನು, ಕಿವಿಯಿಂದ ಕೇಳಿದವಳು. ಬಹಳ ಸಣ್ಣ ದನಿ. ಗಾಜಿನ ಬಳೆಗೆ ಗಾಜಿನ ಬಳೆ ತಾಗಿದ ಹಾಗೆ. ಅದನ್ನು ಮತ್ತೆ ಕೇಳಬೇಕೆಂದು ಮನಸ್ಸಾಗಿದೆ.”

“ಅದಕ್ಕೇನು? ನುಡಿಸುವವರನ್ನು ಯಾರನ್ನಾದರೂ ಪಟ್ಟಣದಿಂದ ಕರೆಸೋಣ.”

“ಅವರು ಒಂದು ದಿನ ನುಡಿಸಿ ಹೋಗುತ್ತಾರೆ. ನನಗೆ ದಿನಾ ಕೇಳಬೇಕು. ನೀವೇ ಕಲಿಯಿರಿ.”

ವ್ಯಾಪಾರಿ ತುತ್ತನ್ನು ಕೈಯಲ್ಲೇ ಹಿಡಿದು ನಕ್ಕ. “ನನ್ನ ಈ ಕೈಯೇ? ಇದು ಹತ್ತಿ ಅದುಮುವ ಕೈ. ಈ ವಯಸ್ಸಿನಲ್ಲಿ ಹಲ್ಲು ಅಲ್ಲಾಡಬೇಕೇ ಹೊರತು ಬೆರಳು ಆಡಬೇಕೇ?”

“ಒಂದೇ ಬೆರಳು ಸಾಕು” ಎಂದಳು.

ಅವಳು ನಗಲಿಲ್ಲ. ಅದನ್ನು ಕಂಡು ವ್ಯಾಪಾರಿಯೂ ನಗುವುದನ್ನು ನಿಲ್ಲಿಸಿದ.

ಊರು ಬಿಟ್ಟು ಹೊರಟಿದ್ದ ಅಧಿಕಾರಿಯೊಬ್ಬ ತನ್ನ ಮನೆಯ ಪಿಯಾನೊವನ್ನು ಒಯ್ಯಲಾರದೆ ಬಿಡುವವನಿದ್ದ. ವ್ಯಾಪಾರಿ ಅದನ್ನು ಹತ್ತಿಯ ಬಂಡಿಯ ಮೇಲೆ ಹೇರಿಸಿ ತಂದ. ಅಂಗಳದ ಕಡೆಗಿದ್ದ ಕೋಣೆಯಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿದ. ಚರ್ಚಿನಲ್ಲಿ ನುಡಿಸುತ್ತಿದ್ದ ಮುದಿ ಮಾಸ್ತರನೊಬ್ಬ ಕಲಿಸಲು ಬಂದ. ಅವನು ಮೊದಲು ಪಿಯಾನೊದ ಮುಚ್ಚಳವೆತ್ತಿ ಒಳಗನ್ನು ತೋರಿಸಿದ. ಹೊರಗೆ ಬಿಳಿಯ ಪಟ್ಟಿಯನ್ನು ಬೆರಳಿನಿಂದ ಒತ್ತಿದರೆ, ಒಳಗೆ ಪುಟ್ಟ ಸುತ್ತಿಗೆಯೊಂದು ಎದ್ದು ತಂತಿಯನ್ನು ಬಡಿಯುತ್ತದೆ. ತಂತಿ ನುಡಿಯುತ್ತದೆ. ಇರುವುದು ಇಷ್ಟೇ.

“ನನ್ನದು ಒಂದೇ ಕಟ್ಟಳೆ” ಎಂದ ಮಾಸ್ತರ. “ನುಡಿಸುವಾಗ ಬಾಗಿಲು ತೆರೆದಿರಬೇಕು.”

“ಏಕೆ?”

“ತಪ್ಪಿಗೆ ಹೊರಗೆ ಹೋಗಲು ದಾರಿ ಬೇಕು, ಸಾಹುಕಾರರೇ. ಒಳಗೆ ಕೂಡಿಹಾಕಿದರೆ ಅಲ್ಲಿಯೇ ಮರಿ ಹಾಕುತ್ತದೆ.”

ಕಲಿಕೆ ಮೊದಲಾಯಿತು. ಇಡೀ ಪೇಟೆಯನ್ನು ಹಿಡಿದಿಟ್ಟ ಕೈ ಒಂದು ಗೇಣು ಜಾಗದಲ್ಲಿ ಸೋತಿತು. ಕಿರುಬೆರಳನ್ನು ಎತ್ತಿದರೆ ಪಕ್ಕದ ಬೆರಳೂ ಏಳುತ್ತಿತ್ತು, ತಾಯಿಯ ಸೆರಗು ಹಿಡಿದ ಕೂಸಿನಂತೆ. ಬಲಗೈ ಮೇಲೆ ಹೋದರೆ ಎಡಗೈಯೂ ಹಿಂದೆ ಹೋಗುತ್ತಿತ್ತು. ವ್ಯಾಪಾರಿ ಹಲ್ಲು ಕಚ್ಚುತ್ತಿದ್ದ, ಭುಜ ಕಿವಿಯವರೆಗೆ ಏರುತ್ತಿತ್ತು. ಮಾಸ್ತರ ಆ ಭುಜವನ್ನು ಕೈಯಿಂದ ಕೆಳಗೆ ಒತ್ತುತ್ತಿದ್ದ. ಹೆಂಡತಿ ಚಿಕ್ಕಂದಿನಲ್ಲಿ ಕೇಳಿದ ಧಾಟಿಯೊಂದನ್ನು ಗುನುಗಿ ತೋರಿಸಿದ್ದಳು. ಮಾಸ್ತರ ಅದನ್ನೇ ಪಾಠವಾಗಿ ಕೊಟ್ಟ.

ಪ್ರತಿ ಸಂಜೆ ವ್ಯಾಪಾರಿ ಪಿಯಾನೊದ ಮುಂದೆ ಕೂರುವ ಮೊದಲು ಹೆಂಡತಿ ಬಂದು ಕೈ ಚಾಚುತ್ತಿದ್ದಳು. “ಒಂದು ಚಿಟಿಕೆ ಹತ್ತಿ ಕೊಡಿ. ಎಳೆ ಉದ್ದ ಇರುವುದು.” ವ್ಯಾಪಾರಿ ಒಳ್ಳೆಯ ಹತ್ತಿಯನ್ನು ನೋಡಿ ಕಿತ್ತು ಕೊಡುತ್ತಿದ್ದ. ಅವಳು ಅದನ್ನೂ ಎಣ್ಣೆಯ ಬಟ್ಟಲನ್ನೂ ಹಿಡಿದುಕೊಂಡು ಹೊಸ್ತಿಲ ಆಚೆ ಕುಳಿತು ಕೇಳುತ್ತಿದ್ದಳು. ಅವನು ನುಡಿಸಿ ಮುಗಿಸುವವರೆಗೆ ಅಲ್ಲಾಡುತ್ತಿರಲಿಲ್ಲ. ದೇವರ ದೀಪಕ್ಕೆ ಬತ್ತಿ ಹೊಸೆಯಲು ಕೂತಿದ್ದಾಳೆ ಎಂದು ವ್ಯಾಪಾರಿ ತಿಳಿದ. ಕೇಳಲಿಲ್ಲ.

ಅಂಗಳದಲ್ಲಿ ಹೆಂಗಸರು ಹತ್ತಿ ಬಿಡಿಸುತ್ತ ಕೂರುತ್ತಿದ್ದರು. ಕೋಣೆಯ ಬಾಗಿಲು ಅವರ ಎದುರಿಗೇ ಇತ್ತು. ಒಂದು ಸಂಜೆ ವ್ಯಾಪಾರಿ ಒಂದೇ ಸ್ವರದ ಬಳಿ ಮುಗ್ಗರಿಸುತ್ತಿದ್ದ. ಹಿಂದೆ ಬಂದು ಮತ್ತೆ ಹೊರಡುತ್ತಿದ್ದ, ಅಲ್ಲಿಯೇ ಮತ್ತೆ ಮುಗ್ಗರಿಸುತ್ತಿದ್ದ. ಆಗ ಹೆಂಗಸರಲ್ಲಿ ಹಿರಿಯಳು ಕೂಗಿ ಹೇಳಿದಳು:

“ಸಾಹುಕಾರರ ಪೆಟ್ಟಿಗೆಗೆ ಬಿಕ್ಕಳಿಕೆ ಹತ್ತಿದೆ. ಯಾರಾದರೂ ನೀರು ಕುಡಿಸಿರೇ!”

“ನೀರೇಕೆ?” ಎಂದಳು ಇನ್ನೊಬ್ಬಳು. “ಯಾರೋ ನೆನೆಯುತ್ತಿದ್ದಾರೆ, ಬಿಡು!”

ಅಂಗಳವೆಲ್ಲ ನಕ್ಕಿತು. ಲೆಕ್ಕ ಬರೆಯುತ್ತಿದ್ದ ಗುಮಾಸ್ತ ಶಲ್ಯದ ತುದಿಯಿಂದ ಬಾಯಿ ಮುಚ್ಚಿಕೊಂಡ. ವ್ಯಾಪಾರಿ ಅದನ್ನೂ ಕಂಡ.

ಪೇಟೆಯಲ್ಲಿ ಯಾರೂ ನಗದ ಮನುಷ್ಯ ತನ್ನ ಅಂಗಳದಲ್ಲೇ ನಗೆಗೀಡಾದ. ಆ ರಾತ್ರಿ ಅವನಿಗೆ ಬಿಕ್ಕಳಿಕೆ ಎಂಬ ಮಾತು ತುತ್ತಿನೊಡನೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಮರುದಿನ ಮಾಸ್ತರ ಬಂದಾಗ ವ್ಯಾಪಾರಿ ಬಾಗಿಲಲ್ಲೇ ನಿಂತಿದ್ದ. “ಇನ್ನು ನಾನೇ ಅಭ್ಯಾಸ ಮಾಡಿಕೊಳ್ಳುತ್ತೇನೆ. ಬೇಕಾದಾಗ ಹೇಳಿ ಕಳಿಸುತ್ತೇನೆ” ಎಂದ.

“ತಂತಿ ಸಡಿಲವಾಗುತ್ತದೆ. ಅದನ್ನು ಬಿಗಿ ಮಾಡಲಾದರೂ ಬರುತ್ತೇನೆ.”

“ಬೇಡ. ಹೇಳಿ ಕಳಿಸುತ್ತೇನೆ.”

ಮಾಸ್ತರ ತೆರೆದ ಬಾಗಿಲನ್ನು ಒಮ್ಮೆ ನೋಡಿದ. ಹೊರಟುಹೋದ.

ವ್ಯಾಪಾರಿ ಬಾಗಿಲು ಹಾಕಿದ. ಆ ಬಾಗಿಲಿಗೆ ಗಾಜು ಕೂರಿಸಿತ್ತು. ಗಾಜಿನ ಬಾಗಿಲು ಮುಖವನ್ನು ಮರೆಸದು, ಸದ್ದನ್ನೂ ತಡೆಯದು. ಒಂದು ಸ್ವರ ಒತ್ತಿದ. ಅಂಗಳದಲ್ಲಿ ಯಾರೋ ಕೆಮ್ಮಿದರು. ಅದು ಬರೀ ಕೆಮ್ಮೋ ನಗೆಯನ್ನು ನುಂಗಿದ ಕೆಮ್ಮೋ ಅವನಿಗೆ ತಿಳಿಯಲಿಲ್ಲ. ಅವನು ಎದ್ದು ಪಿಯಾನೊದ ಮುಚ್ಚಳ ಎತ್ತಿದ. ಸಾಲಾಗಿ ನಿಂತ ಸುತ್ತಿಗೆಗಳನ್ನೂ ಅವುಗಳ ಎದುರಿನ ತಂತಿಗಳನ್ನೂ ನೋಡಿದ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಅವನ ಮನೆಯಲ್ಲಿ ಎಲ್ಲಿ ಕೈ ಚಾಚಿದರೂ ಸಿಗುತ್ತಿದ್ದುದು ಹತ್ತಿ. ಒಳ್ಳೆಯ ಹತ್ತಿಯನ್ನು ಆರಿಸಿ ದಪ್ಪವಾದ ಹಾಸು ಮಾಡಿದ. ಸುತ್ತಿಗೆಗೂ ತಂತಿಗೂ ನಡುವೆ, ಈ ತುದಿಯಿಂದ ಆ ತುದಿಯವರೆಗೆ, ಒತ್ತಾಗಿ ತುಂಬಿದ. ಮುಚ್ಚಳ ಮುಚ್ಚಿ ಕುಳಿತು ಒತ್ತಿದ.

ಟಪ್ ಎಂದಿತು. ದಿಂಬಿಗೆ ಬೆರಳು ತಾಗಿದ ಹಾಗೆ. ಮತ್ತೇನೂ ಇಲ್ಲ.

ವ್ಯಾಪಾರಿ ದೀರ್ಘವಾಗಿ ಉಸಿರು ಬಿಟ್ಟ. ಅಂದು ಅವನು ಎಷ್ಟು ತಪ್ಪಿದನೋ ಅವನಿಗೇ ತಿಳಿಯಲಿಲ್ಲ. ತಿಳಿಯದಿರುವುದು ಹಿತವಾಗಿತ್ತು.

ಹೆಂಡತಿ ಎಂದಿನಂತೆ ಹತ್ತಿ ಪಡೆದು ಹೊಸ್ತಿಲ ಆಚೆ ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ತಲೆಯೆತ್ತಿದಳು. ಗಾಜಿನೊಳಗಿನಿಂದ ಅವನ ಬೆರಳುಗಳನ್ನು ನೋಡಿದಳು. ಎದ್ದು ಬಂದು ಬಾಗಿಲಿಗೆ ಕಿವಿಯಿಟ್ಟಳು. ಒಂದು ಕಿವಿ, ಆಮೇಲೆ ಇನ್ನೊಂದು ಕಿವಿ. ಬಹಳ ಹೊತ್ತು ಹಾಗೆಯೇ ನಿಂತಳು. ಒಳಗೆ ವ್ಯಾಪಾರಿಗೆ ನಗು ಬಂತು. ‘ಕೇಳಿಸದು, ಕೇಳಿಸದು’ ಎಂದುಕೊಂಡ. ‘ಕೇಳಿಸುವ ದಿನ ಬೇರೆಯೇ ಇದೆ. ಅಂದು ಒಂದು ತಪ್ಪೂ ಇಲ್ಲದೆ ಕೇಳುವೆಯಂತೆ.’ ಅವಳಿಗೆ ಹತ್ತಿಯ ಸಂಗತಿ ಹೇಳಲಿಲ್ಲ. ಹೇಳಿದರೆ ತಾನು ನಗೆಗೆ ಹೆದರಿದ ಸಂಗತಿಯನ್ನೂ ಹೇಳಬೇಕಾಗುತ್ತಿತ್ತು.

ಮರುಸಂಜೆಯೂ ಅವಳು ಬಾಗಿಲಿಗೆ ಕಿವಿಯಿಟ್ಟು ನಿಂತಳು. ಅದರ ಮರುಸಂಜೆಯೂ ನಿಂತಳು. ಆಮೇಲೆ ಬರುವುದನ್ನು ಬಿಟ್ಟಳು. ಹತ್ತಿ ಕೇಳುವುದನ್ನೂ ಬಿಟ್ಟಳು. ಬತ್ತಿ ಸಾಕಷ್ಟು ಕೂಡಿರಬೇಕು ಎಂದು ವ್ಯಾಪಾರಿ ತಿಳಿದ.

ಮಳೆಗಾಲ ಬಂದು ಹೋಯಿತು. ವ್ಯಾಪಾರಿಯ ಕಿರುಬೆರಳು ಪಕ್ಕದ ಬೆರಳಿನ ಸೆರಗು ಬಿಟ್ಟಿತು. ಎಡಗೈ ತನ್ನ ಪಾಡಿಗೆ ತಾನು ನಡೆಯಲು ಕಲಿಯಿತು. ಹತ್ತಿಯೊಳಗಿನ ಟಪಟಪ ಸದ್ದು ಒಂದೇ ವೇಗದಲ್ಲಿ, ಎಲ್ಲಿಯೂ ನಿಲ್ಲದೆ, ಧಾಟಿಯ ಕೊನೆಯವರೆಗೆ ಹೋಗತೊಡಗಿತು. ತಲೆಯೊಳಗೆ ಅವನಿಗೆ ಅದು ಗಾಜಿನ ಬಳೆಯ ದನಿಯಾಗಿಯೇ ಕೇಳುತ್ತಿತ್ತು.

ಒಮ್ಮೆ ಅಂಗಳದಲ್ಲಿ ಆ ಹಿರಿಯ ಹೆಂಗಸು ಅವನನ್ನು ತಡೆದಳು. “ಸಾಹುಕಾರರೇ, ಪೆಟ್ಟಿಗೆ ಏಕೆ ಸುಮ್ಮನಾಯಿತು? ಅದು ನುಡಿಯುತ್ತಿದ್ದರೆ ನಮ್ಮ ಕೈಯೂ ಬೇಗ ಆಡುತ್ತಿತ್ತು. ಬೇಸರವೇ ಬರುತ್ತಿರಲಿಲ್ಲ.”

ಇವಳು ಮತ್ತೆ ಹಾಸ್ಯ ಮಾಡುತ್ತಿದ್ದಾಳೆ ಎಂದುಕೊಂಡು ಅವನು ಮುಂದೆ ನಡೆದ.

ಇನ್ನೊಮ್ಮೆ ದಾರಿಯಲ್ಲಿ ಮಾಸ್ತರ ಎದುರಾದ.

“ತಂತಿ ಹೇಗಿವೆ, ಸಾಹುಕಾರರೇ?”

“ಚೆನ್ನಾಗಿವೆ.”

“ಕೇಳಿ ನೋಡಿದಿರಾ?”

“ಕೇಳಬೇಕಾದ ದಿನ ಕೇಳುತ್ತೇನೆ.”

ಮಾಸ್ತರ ಅವನ ಮುಖವನ್ನೇ ನೋಡಿದ. “ಉಪ್ಪು ನೋಡದೆ ಊರಿಗೆಲ್ಲ ಅಡುಗೆ ಮಾಡಿದವರುಂಟು” ಎಂದ. “ಆದರೆ ಅವರು ಒಂದೇ ದಿನ ಮಾಡಿದರು.”

ವ್ಯಾಪಾರಿಗೆ ಆ ಮಾತು ಹಿಡಿಸಲಿಲ್ಲ.

ಮನೆಯಲ್ಲಿ ಶಾಂತಿ ನೆಲೆಸಿತ್ತು. ಹೆಂಡತಿಯ ಮಾತು ಇನ್ನೂ ಕಡಿಮೆಯಾಗಿತ್ತು. ಕೆಲವೊಮ್ಮೆ ಕರೆದರೆ ತಿರುಗುತ್ತಿರಲಿಲ್ಲ. ಸಣ್ಣ ಮುನಿಸು, ಕೇಳಿದ ದಿನ ತಾನೇ ಇಳಿಯುತ್ತದೆ ಎಂದುಕೊಂಡ. ಎರಡನೆಯ ಮಳೆಗಾಲದಲ್ಲಿ ಅವಳು ಹೊಸದೊಂದು ರೂಢಿ ಮಾಡಿಕೊಂಡಳು. ಅವನು ಮಾತಾಡುವಾಗ ಕೈಯ ಕೆಲಸ ಬಿಟ್ಟು ಎದುರು ಬಂದು ನಿಂತು ಅವನ ಮುಖವನ್ನೇ ನೋಡುತ್ತಿದ್ದಳು. ವ್ಯಾಪಾರಿಗೆ ಒಳಗೊಳಗೇ ಹಿಗ್ಗಾಯಿತು. ಮದುವೆಯಾದ ಹೊಸತರಲ್ಲಿಯೂ ಇವಳು ನನ್ನನ್ನು ಹೀಗೆ ನೋಡಿದವಳಲ್ಲ ಎಂದುಕೊಂಡ.

ಹತ್ತಿಯ ಹೊಸ ಸುಗ್ಗಿ ಬಂತು. ಆ ಪೇಟೆಯಲ್ಲಿ ಒಂದು ಪದ್ಧತಿ ಇತ್ತು. ಸುಗ್ಗಿಯ ಮೊದಲ ಅಂಡಿಗೆಯನ್ನು ಎಲ್ಲರ ಎದುರಿಗೇ ಬಿಚ್ಚಬೇಕು. ಅದಕ್ಕೆ ಮುಹೂರ್ತದ ಅಂಡಿಗೆ ಎಂದು ಹೆಸರು. ಬಿಚ್ಚುವವರೆಗೆ ಯಾರೂ ಅದರೊಳಗೆ ಕೈ ಹಾಕಬಾರದು, ಯಜಮಾನನೂ ಹಾಕಬಾರದು. ಮೊದಲೇ ನೋಡಿದವನನ್ನು ಪೇಟೆ ಕಳ್ಳನೆಂದೇ ಎಣಿಸುತ್ತಿತ್ತು. ವ್ಯಾಪಾರಿ ಅದೇ ದಿನವನ್ನು ಗೊತ್ತು ಮಾಡಿದ. ಅಂಡಿಗೆ ಬಿಚ್ಚಿದ ಮೇಲೆ ಎಲ್ಲರೂ ಒಳಗೆ ಬರಲಿ, ಪಿಯಾನೊ ಕೇಳಲಿ ಎಂದು ಬಂಧುಗಳಿಗೂ ವರ್ತಕರಿಗೂ ಹೇಳಿ ಕಳಿಸಿದ. ಅಂಗಳದ ಹೆಂಗಸರು ತಪ್ಪದೆ ಬರಬೇಕೆಂದ.

ಪಿಯಾನೊದೊಳಗೆ ಹತ್ತಿ ತುಂಬಿದ ಸಂಗತಿ ಬಲ್ಲವನು ಗುಮಾಸ್ತನೊಬ್ಬನೇ. ಅವನು ತಲೆ ಕೆರೆದುಕೊಂಡ. “ಸಾಹುಕಾರರೇ, ಆ ಹತ್ತಿ ತೆಗೆದು ಮೊದಲೊಮ್ಮೆ ನುಡಿಸಿ ನೋಡಿ ಇಡಬಾರದೇ?”

“ಮುಹೂರ್ತದ ಅಂಡಿಗೆಯನ್ನು ಯಾರಾದರೂ ಮೊದಲೇ ಬಿಚ್ಚಿ ನೋಡುತ್ತಾರೆಯೇ?”

“ಅದು ಹತ್ತಿ. ಇದು ಪಿಯಾನೊ.”

“ಎರಡೂ ನನ್ನ ಮನೆಯ ಸರಕೇ” ಎಂದ ವ್ಯಾಪಾರಿ.

ಆ ದಿನ ಬೆಳಗ್ಗೆ ಕೋಣೆ ತುಂಬಿತು. ತುಂಬಿ ಹೊರಗೂ ಜನ ನಿಂತರು. ವ್ಯಾಪಾರಿ ಹೆಂಡತಿಯನ್ನು ಎಲ್ಲರಿಗಿಂತ ಮುಂದೆ, ಪಿಯಾನೊದ ಪಕ್ಕದಲ್ಲೇ ಕೂರಿಸಿದ. ಅವಳು ಹೊಸ ಸೀರೆ ಉಟ್ಟಿದ್ದಳು. ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡಿದ್ದಳು. ವ್ಯಾಪಾರಿ ಅಂಡಿಗೆಯ ಹೊಲಿಗೆ ಬಿಚ್ಚುವವನಂತೆ ಅಂಗಿಯ ತೋಳು ಮಡಿಸಿ ಮುಚ್ಚಳ ಎತ್ತಿದ. ಒಳಗೆ ಕೈ ಹಾಕಿ ಹತ್ತಿಯನ್ನು ಹಿಡಿದು ಎಳೆದ.

ಹೊರಗೆ ಬಂದ ಹತ್ತಿ ಬಿಳಿಯಾಗಿರಲಿಲ್ಲ. ಕೆಂಪಾಗಿತ್ತು. ಅಲ್ಲಲ್ಲಿ ಕಪ್ಪಾಗಿತ್ತು. ಬುದ್ಧಿಗೆ ತಿಳಿಯುವ ಮೊದಲೇ ಅವನ ಮುಷ್ಟಿಗೆ ತಿಳಿಯಿತು. ಆ ಹತ್ತಿ ಎರಡು ಮಳೆಗಾಲದ ತೇವವನ್ನು ಕುಡಿದು ತಂತಿಗೆ ಅಂಟಿ ಕುಳಿತಿತ್ತು. ಊರವರ ಹತ್ತಿಯನ್ನೆಲ್ಲ ಅದುಮಿ ನೋಡಿದವನು ತನ್ನ ಹತ್ತಿಯನ್ನು ಒಮ್ಮೆಯೂ ಅದುಮಿ ನೋಡಿರಲಿಲ್ಲ. ಬೇರೆಯವರ ಅಂಡಿಗೆಯಾಗಿದ್ದರೆ ‘ಬಂಡಿ ತಿರುಗಿಸು’ ಎನ್ನುತ್ತಿದ್ದ. ಇಂದು ಎಲ್ಲರೂ ನೋಡುತ್ತಿದ್ದರು. ಹತ್ತಿಯನ್ನೆಲ್ಲ ಎಳೆದು ನೆಲದ ಮೇಲೆ ರಾಶಿ ಹಾಕಿದ. ಕುಳಿತ. ಬೆರಳುಗಳನ್ನು ಪಟ್ಟಿಗಳ ಮೇಲೆ ಇಟ್ಟ. ನುಡಿಸಿದ.

ಕಲ್ಲಿನ ಮೇಲೆ ಕಬ್ಬಿಣದ ಕೊಡವನ್ನು ಎಳೆದಂತಹ ಸದ್ದು ಎದ್ದಿತು.

ಕೂತವರು ಬೆಚ್ಚಿದರು. ಹಸುಳೆಯೊಂದು ಕಿರುಚಿತು. ಅಲ್ಲಿಗೆ ಅವನು ನಿಲ್ಲಿಸಬಹುದಾಗಿತ್ತು. ಆದರೆ ಅವನ ಬೆರಳುಗಳಿಗೆ ಕಿವಿಯಿರಲಿಲ್ಲ. ಎರಡು ವರ್ಷ ಅವು ಕೇಳದೆ ಕಲಿತಿದ್ದವು, ಕೇಳದೆಯೇ ಓಡಿದವು. ಹತ್ತಿಯ ಮೇಲೆ ಬಡಿದು ಬಡಿದು ಬಲಿತ ಬೆರಳುಗಳು ಬರಿಯ ತಂತಿಯ ಮೇಲೂ ಅಷ್ಟೇ ಬಲವಾಗಿ ಬಡಿದವು. ಒಂದು ಪಟ್ಟಿ ಒತ್ತಿದರೆ ಎರಡು ಸ್ವರ ಜಗಳವಾಡುತ್ತ ಬಂದವು. ಮತ್ತೊಂದು ಒತ್ತಿದರೆ ಏನೂ ಬರಲಿಲ್ಲ. ತುಕ್ಕು ತಿಂದ ತಂತಿಯೊಂದು ಕಡಿದು ಚಾಟಿಯಂತೆ ಒಳಗೇ ಹೊಡೆಯಿತು. ಜನ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡರು. ಬಿಕ್ಕಳಿಕೆಯ ಮಾತಾಡಿದ್ದ ಹಿರಿಯ ಹೆಂಗಸು ಕಿವಿಯನ್ನಲ್ಲ, ಬಾಯಿಯನ್ನು ಮುಚ್ಚಿಕೊಂಡಳು. ಯಾರೂ ನಗಲಿಲ್ಲ.

ಬೆರಳುಗಳು ಕೊನೆಗೆ ನಿಂತವು. ವ್ಯಾಪಾರಿ ಹೆಂಡತಿಯ ಕಡೆ ತಿರುಗಿದ.

ಅವಳು ಕಿವಿ ಮುಚ್ಚಿಕೊಂಡಿರಲಿಲ್ಲ. ಬೆಚ್ಚಿರಲಿಲ್ಲ. ಜೋಡಿಸಿದ ಕೈ ಜೋಡಿಸಿದಂತೆಯೇ ಇತ್ತು. ಅವಳು ಅವನನ್ನೂ ನೋಡುತ್ತಿರಲಿಲ್ಲ. ನೆಲದ ಮೇಲಿನ ಹತ್ತಿಯ ರಾಶಿಯನ್ನು ನೋಡುತ್ತಿದ್ದಳು.

“ಈ ಹತ್ತಿ ಒಳಗೆ ಎಂದಿನಿಂದ ಇತ್ತು?”

ಅವಳ ದನಿ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿದಂತಿತ್ತು. ಅಷ್ಟು ಹತ್ತಿರ ಕುಳಿತವಳು ಅಷ್ಟು ಗಟ್ಟಿಯಾಗಿ ಕೇಳಿದ್ದನ್ನು ಕಂಡು ಜನ ಒಬ್ಬರ ಮುಖ ಒಬ್ಬರು ನೋಡಿದರು.

ವ್ಯಾಪಾರಿ ತಲೆ ತಗ್ಗಿಸಿ ಏನೋ ಹೇಳಿದ.

“ಮುಖ ಎತ್ತಿ ಹೇಳಿ. ತುಟಿ ಕಾಣಬೇಕು.”

ಅವನು ಮುಖ ಎತ್ತಿದ. “ಈ ಹೆಂಗಸರು ನಕ್ಕರಲ್ಲ, ಅದರ ಮರುದಿನದಿಂದ.”

ಅವಳು ಅವನ ತುಟಿಯನ್ನು ನೋಡಿ ಮುಗಿಸಿದಳು. ಆಮೇಲೆ ಹೇಳಿದಳು. ಆ ಮನೆಗೆ ಬಂದ ಮೇಲೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು.

“ನನ್ನ ತಾಯಿಗೆ ಈ ವಯಸ್ಸಿನಲ್ಲೇ ಕಿವಿ ಹೋಯಿತು. ನನಗೂ ಮೊದಲಾಗಿತ್ತು. ವೈದ್ಯರು ಎಣ್ಣೆ ಕೊಟ್ಟರು. ದಿನಾ ಸಂಜೆ ಕಿವಿಗೆ ಎಣ್ಣೆ ಬಿಟ್ಟು ಹತ್ತಿ ಇಟ್ಟುಕೋ ಎಂದರು. ‘ಮೊದಲು ಸಣ್ಣ ದನಿ ಹೋಗುತ್ತದೆ, ಮನುಷ್ಯರ ಮಾತು ಹೋಗುವುದು ಕೊನೆಗೆ. ಸಣ್ಣ ದನಿ ಕೇಳುವವರೆಗೆ ಈ ಎಣ್ಣೆ ಹಿಡಿದು ನಿಲ್ಲಿಸುತ್ತದೆ. ಅದು ಕೇಳದ ದಿನ ಎಣ್ಣೆಗೆ ದಾರಿ ಮುಚ್ಚಿತೆಂದು ತಿಳಿ’ ಎಂದರು. ಅದಕ್ಕಾಗಿಯೇ ದಿನಾ ಒಂದು ಸಣ್ಣ ದನಿ ನನಗೆ ಬೇಕಾಗಿತ್ತು. ನೀವು ನುಡಿಸುತ್ತಿದ್ದಿರಿ. ನೀವು ತಪ್ಪಿದಿರೋ ಇಲ್ಲವೋ ನನಗೇನು ಗೊತ್ತು? ಇವತ್ತೂ ಕೇಳಿಸಿತು ಎಂದುಕೊಂಡು ಎಣ್ಣೆ ಬಿಟ್ಟುಕೊಳ್ಳುತ್ತಿದ್ದೆ.”

ಅವಳು ಗಾಜಿನ ಬಾಗಿಲಿನ ಕಡೆ ಕೈ ತೋರಿಸಿದಳು.

“ಒಂದು ಸಂಜೆ ನಿಮ್ಮ ಬೆರಳು ಆಡುವುದು ಕಂಡಿತು, ದನಿ ಕೇಳಲಿಲ್ಲ. ಬಾಗಿಲಿಗೆ ಕಿವಿಯಿಟ್ಟೆ. ಆಗಲೂ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಬಂದೇ ಬಿಟ್ಟಿತು ಎಂದುಕೊಂಡೆ. ಎಣ್ಣೆಯ ಬಟ್ಟಲನ್ನು ತೊಳೆದು ಅಟ್ಟಕ್ಕೆ ಇಟ್ಟೆ. ನಿಮಗೆ ಹೇಳಲು ಬಾಯಿ ಬರಲಿಲ್ಲ. ಈ ವಯಸ್ಸಿನಲ್ಲಿ ನನಗಾಗಿ ಅಷ್ಟು ಕಷ್ಟಪಟ್ಟು ಕಲಿಯುತ್ತಿದ್ದಿರಿ, ಕೇಳುವವಳಿಗೆ ಕಿವಿಯಿಲ್ಲ ಎಂದು ಹೇಗೆ ಹೇಳಲಿ? ಜನರ ಮಾತು ಆಮೇಲೆಯೂ ಒಂದು ವರ್ಷ ಕೇಳುತ್ತಿತ್ತು. ಅದು ಹೋಗಿದ್ದು ಈ ಮಳೆಗಾಲದಲ್ಲಿ.”

ವ್ಯಾಪಾರಿ ಬಾಯಿ ತೆರೆದ. ಅವನ ತುಟಿಗಳು ಅಲುಗಿದವು. ಅವಳು ಎಷ್ಟು ನೋಡಿದರೂ ಆ ತುಟಿಗಳಲ್ಲಿ ಮಾತು ಇರಲಿಲ್ಲ.

ಅವಳು ಬಗ್ಗಿದಳು. ಕೆಂಪು ರಾಶಿಯ ನಡುವಿನಿಂದ, ತೇವ ತಾಗದೆ ಬಿಳಿಯಾಗಿ ಉಳಿದಿದ್ದ ಒಂದು ಚಿಟಿಕೆ ಹತ್ತಿಯನ್ನು ಆರಿಸಿ ತೆಗೆದಳು. ಹಳೆಯ ರೂಢಿಯಂತೆ ಎರಡು ಬೆರಳುಗಳ ನಡುವೆ ಉಂಡೆ ಮಾಡಿದಳು. ಗಂಡನ ಅಂಗೈ ಬಿಡಿಸಿ ಅದರೊಳಗೆ ಇಟ್ಟಳು.

“ಇಷ್ಟೇ ಸಾಕಾಗಿತ್ತು” ಎಂದಳು.

ಅಜ್ಜನವರು ನಿಲ್ಲಿಸಿದರು.

ಯಾರೋ ಬೆನ್ನಿಗೆ ತಣ್ಣೀರು ಸುರಿದಂತೆ ಅಡಿವೆಪ್ಪ ನೆಟ್ಟಗೆ ಕುಳಿತಿದ್ದ. ಹೊರಗೆ ಕಾಳಪ್ಪ ಯಾವುದೋ ಹಲಗೆಗೆ ಮೊಳೆ ಹೊಡೆಯುತ್ತಿದ್ದ. ಆ ಸದ್ದು ಇಷ್ಟು ಸ್ಪಷ್ಟವಾಗಿ ತನಗೆ ಹಿಂದೆಂದೂ ಕೇಳಿರಲಿಲ್ಲ ಎನಿಸಿತು.

“ಆಮೇಲೆ ಎಣ್ಣೆ ಹಾಕಲಿಲ್ಲವೇ, ಅಜ್ಜನವರೇ?”

“ಹಾಕಿದರು. ವ್ಯಾಪಾರಿಯೇ ಹಾಕಿದ. ದಿನಾ ಸಂಜೆ ತನ್ನ ಕೈಯಿಂದ ಎಣ್ಣೆ ಬಿಟ್ಟು, ತನ್ನ ಕೈಯಿಂದ ಹತ್ತಿ ಇಟ್ಟ. ಮಾಸ್ತರನನ್ನು ಕರೆಸಿ ತಂತಿಗಳನ್ನೆಲ್ಲ ಹೊಸದಾಗಿ ಕಟ್ಟಿಸಿದ. ಬಾಗಿಲು ತೆರೆದಿಟ್ಟು ಒಂದೇ ಬೆರಳಿನಲ್ಲಿ ನುಡಿಸಿದ.”

“ಅವಳಿಗೆ ಕೇಳಿಸಿತೇ?”

ಅಜ್ಜನವರು ನೆಲದ ಮೇಲಿದ್ದ ಕೀಲಿಕೈಯನ್ನು ಅಡಿವೆಪ್ಪನ ಕಡೆಗೆ ಸರಿಸಿದರು. ಅಡಿವೆಪ್ಪ ಅದನ್ನು ಮುಟ್ಟಲಿಲ್ಲ.

“ಅಡಿವೆಪ್ಪಾ, ನಿನ್ನ ಅಕ್ಕನಿಗೆ ಈಗ ಎಷ್ಟು ವಯಸ್ಸು?” ಎಂದರು ಅಜ್ಜನವರು.

ಅಡಿವೆಪ್ಪ ಎದ್ದು ಕೀಲಿಕೈಯನ್ನು ಮತ್ತೆ ಗೂಟಕ್ಕೆ ತೂಗುಹಾಕಿ, ಅಕ್ಕನ ಊರಿಗೆ ಬಂಡಿ ಕಳಿಸಲು ಹೊರಟ.